ಕಟ್ಟಡವೂ ಕಡತವೂ

ವಿದ್ಯಾಸಂಸ್ಥೆಯೊಂದರ ಚರಿತ್ರೆಯನ್ನು ಅರಿಯಬಯಸುವವರ ಕಣ್ಣಿಗೆ ಮೊದಲು ಬೀಳುವುವು ಅದರ ಕಟ್ಟಡಗಳು. ಅಡಿಗಲ್ಲಿನ ಮೇಲಿನ ತಾರೀಖು, ದಾನಿಗಳ ಹೆಸರು ಕೊರೆದ ಶಿಲಾಫಲಕ, ಸಭಾಭವನದ ಗೋಡೆಯ ಮೇಲೆ ಸಾಲಾಗಿ ತೂಗುವ ಮುಖ್ಯಸ್ಥರ ಭಾವಚಿತ್ರಗಳು – ಇವೆಲ್ಲ ಸಂಸ್ಥೆ ನಡೆದುಬಂದ ದಾರಿಯ ಮೈಲಿಗಲ್ಲುಗಳು. ಆದರೆ ಮೈಲಿಗಲ್ಲು ಊರಿನ ದೂರವನ್ನು ಹೇಳೀತೇ ಹೊರತು ದಾರಿಹೋಕನ ಕಾಲಿಗೆ ಚುಚ್ಚಿದ ಮುಳ್ಳನ್ನು ಹೇಳದು. ಯಾವ ಯೋಜನೆ ಕೈಗೂಡದೆ ಹೋಯಿತು, ಯಾವ ಠರಾವಿಗೆ ಸಮಿತಿಯಲ್ಲಿ ವಿರೋಧ ಬಂದಿತು, ಯಾರ ಬೇಡಿಕೆಯನ್ನು ಯಾವ ಕಾರಣದಿಂದ ತಳ್ಳಿಹಾಕಲಾಯಿತು, ಹಣ ಕೊಟ್ಟವರು ಏನನ್ನು ಬಯಸಿದ್ದರು – ಇವೆಲ್ಲ ಉಳಿದಿದ್ದರೆ ಕಪಾಟಿನ ಮೂಲೆಯ ಕಡತಗಳಲ್ಲಿಯೇ ಉಳಿದಿರಬೇಕು. ಕಟ್ಟಡವನ್ನು ಕಟ್ಟಿದವರನ್ನು ಲೋಕವು ಕೊಂಡಾಡುತ್ತದೆ. ಕಡತಗಳನ್ನು ಕಾಯ್ದಿಟ್ಟವರನ್ನು ನೆನೆಯುವವರು ವಿರಳ. ಇವೆರಡು ಕೆಲಸಗಳನ್ನೂ ಮಾಡಿ, ಎರಡನೆಯದರಿಂದ ತಮ್ಮ ಕೀರ್ತಿಯನ್ನೇ ಮುಂದಿನವರ ಪರೀಕ್ಷೆಗೆ ಒಡ್ಡಿದ ಒಬ್ಬ ವಿದ್ಯಾಧಿಕಾರಿಯ ಬಾಳು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ಅವರೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯವಹಾರಾಡಳಿತ ಶಾಲೆಗೆ ೧೯೧೯ರಿಂದ ೧೯೪೨ರವರೆಗೆ ಡೀನ್ ಆಗಿದ್ದ ವೊಲೇಸ್ ಬ್ರೆಟ್ ಡಾನ್‌ಹಮ್. ಇಂದು ಲೋಕಪ್ರಸಿದ್ಧವಾಗಿರುವ ಆ ಶಾಲೆಯ ಬೋಧನಕ್ರಮ, ಆವರಣ, ಪತ್ರಿಕೆ, ಗ್ರಂಥಭಂಡಾರ ಇವುಗಳಲ್ಲಿ ಬಹುಪಾಲು ರೂಪುಗೊಂಡದ್ದು ಅವರ ಇಪ್ಪತ್ತಮೂರು ವರ್ಷಗಳ ಆಡಳಿತದಲ್ಲಿ. ಆದರೂ ಅವರ ನಿಜವಾದ ಹಿರಿಮೆಯನ್ನು ಅಳೆಯಬೇಕಾದದ್ದು ಅವರು ಕಟ್ಟಿಸಿದ ಮಂದಿರಗಳಿಂದಲ್ಲ, ಬಿಟ್ಟುಹೋದ ಕಾಗದಪತ್ರಗಳಿಂದ ಎಂಬುದೇ ಈ ಲೇಖನದ ಅಭಿಪ್ರಾಯ.

ನ್ಯಾಯಶಾಸ್ತ್ರದಿಂದ ವ್ಯವಹಾರಶಾಸ್ತ್ರಕ್ಕೆ

ಡಾನ್‌ಹಮ್ ಅವರು ೧೮೭೭ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ರಾಕ್‌ಲ್ಯಾಂಡ್ ಎಂಬ ಊರಿನಲ್ಲಿ ಜನಿಸಿದರು. ಹಾರ್ವರ್ಡಿನಲ್ಲಿಯೇ ಓದಿ ೧೮೯೮ರಲ್ಲಿ ಪದವಿಯನ್ನೂ ೧೯೦೧ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಅನಂತರ ಬಾಸ್ಟನ್ ನಗರದ ಓಲ್ಡ್ ಕಾಲೊನಿ ಟ್ರಸ್ಟ್ ಕಂಪನಿಯನ್ನು ಸೇರಿ ಅದರ ಉಪಾಧ್ಯಕ್ಷರಾದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೇ ಸ್ಟೇಟ್ ಎಂಬ ಟ್ರಾಂ ಕಂಪನಿಯು ಆರ್ಥಿಕ ಸಂಕಷ್ಟಕ್ಕೆ ಸಿಲುಕಿದಾಗ ನ್ಯಾಯಾಲಯವು ಅದನ್ನು ನಡೆಸುವ ರಿಸೀವರನ ಹೊಣೆಯನ್ನು ಅವರಿಗೆ ವಹಿಸಿತು. ಅಂತಹ ಸ್ಥಾನದಲ್ಲಿರುವವನು ಸಾಲ ಕೊಟ್ಟವರ ಮಾತನ್ನೂ ಕೇಳಬೇಕು, ಕೂಲಿಗಾರರ ಮಾತನ್ನೂ ಕೇಳಬೇಕು, ಟಿಕೆಟ್ಟಿನ ದರ ಏರಿದರೆ ಗೊಣಗುವ ಪ್ರಯಾಣಿಕರ ಮಾತನ್ನೂ ಕೇಳಬೇಕು. ವ್ಯವಹಾರವೆಂಬುದು ಲೆಕ್ಕದ ಪುಸ್ತಕದೊಳಗೆ ಮುಗಿಯುವ ವಿಷಯವಲ್ಲ, ಅದರ ಒಂದೊಂದು ನಿರ್ಣಯವೂ ಮನುಷ್ಯರ ಬಾಳನ್ನು ತಟ್ಟುತ್ತದೆ ಎಂಬ ಅರಿವು ಅವರ ಮುಂದಿನ ಬರಹಗಳಲ್ಲೆಲ್ಲ ಕಾಣುತ್ತದೆ.

ಹಾರ್ವರ್ಡ್ ವ್ಯವಹಾರ ಶಾಲೆ ಆರಂಭವಾದದ್ದು ೧೯೦೮ರಲ್ಲಿ. ಅದರ ಮೊದಲ ಡೀನ್ ಎಡ್ವಿನ್ ಗೇ ಅವರು ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ಆರ್ಥಿಕ ಇತಿಹಾಸಕಾರರು. ವ್ಯಾಪಾರವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವುದೇ ಒಂದು ಅಪಚಾರವೆಂದು ಹಳೆಯ ಪಂಡಿತರಲ್ಲಿ ಅನೇಕರು ಮೂಗು ಮುರಿಯುತ್ತಿದ್ದ ಕಾಲವದು. ಅವರ ಆಕ್ಷೇಪ ಪೂರ್ಣ ನಿರಾಧಾರವಾಗಿರಲಿಲ್ಲ. ಕಲಿಸಲು ಪಠ್ಯವಿರಲಿಲ್ಲ, ಅಂಗಡಿಯಲ್ಲಿ ನಡೆಯುವುದೊಂದು, ತರಗತಿಯಲ್ಲಿ ಹೇಳುವುದೊಂದು ಎಂಬ ಸ್ಥಿತಿಯಿತ್ತು. ಗೇ ಅವರು ೧೯೧೧ರಲ್ಲಿ ವ್ಯವಹಾರ ಸಂಶೋಧನಾ ವಿಭಾಗವೊಂದನ್ನು ತೆರೆದರು. ಅದು ಮೊದಲು ಕೈಗೆತ್ತಿಕೊಂಡದ್ದು ಪಾದರಕ್ಷೆಯ ಚಿಲ್ಲರೆ ಅಂಗಡಿಗಳ ಲೆಕ್ಕವನ್ನು. ಎಲ್ಲ ಅಂಗಡಿಗಳೂ ಒಂದೇ ರೀತಿಯಲ್ಲಿ ಖರ್ಚುವೆಚ್ಚವನ್ನು ಬರೆದಿಟ್ಟಾಗ ಮಾತ್ರ ಒಂದನ್ನು ಇನ್ನೊಂದಕ್ಕೆ ಹೋಲಿಸಿ ನೋಡಲು ಬರುತ್ತದೆಯಲ್ಲವೇ? ಜೋಡು ಮಾರುವವನ ಕೀರ್ದಿ ಪುಸ್ತಕ ಒಂದು ಮಹಾವಿದ್ಯಾಲಯದ ಸಂಶೋಧನೆಯ ವಸ್ತುವಾದದ್ದು ಅಂದಿಗೆ ಹೊಸ ಸಂಗತಿ.

ಗೇ ಅವರು ಬಿಟ್ಟುಹೋದ ಅಡಿಪಾಯದ ಮೇಲೆ ಡಾನ್‌ಹಮ್ ಅವರು ಗೋಡೆಯೆಬ್ಬಿಸಿದರು. ಹಾರ್ವರ್ಡಿನ ಕಾನೂನು ಶಾಲೆಯಲ್ಲಿ ೧೮೭೦ರ ಸುಮಾರಿನಲ್ಲಿ ಕ್ರಿಸ್ಟೋಫರ್ ಲ್ಯಾಂಗ್‌ಡೆಲ್ ಅವರು ಆರಂಭಿಸಿದ್ದ ಪ್ರಕರಣ ಪದ್ಧತಿಯಲ್ಲಿ ಡಾನ್‌ಹಮ್ ಸ್ವತಃ ಓದಿದ್ದರು. ಅಲ್ಲಿ ವಿದ್ಯಾರ್ಥಿ ಸೂತ್ರಗಳನ್ನು ಕಂಠಪಾಠ ಮಾಡುವುದಿಲ್ಲ; ನ್ಯಾಯಾಲಯದ ಮುಂದೆ ನಿಜವಾಗಿ ಬಂದ ಪ್ರಕರಣವನ್ನು ಓದಿ, ವಾದಿಸಿ, ಸೂತ್ರವನ್ನು ತಾನೇ ಹೊರತೆಗೆಯುತ್ತಾನೆ. ಇದನ್ನೇ ವ್ಯವಹಾರಕ್ಕೆ ಏಕೆ ಅನ್ವಯಿಸಬಾರದು ಎಂದು ಡಾನ್‌ಹಮ್ ಯೋಚಿಸಿದರು. ಅವರ ಪ್ರೇರಣೆಯಿಂದ ಮೆಲ್ವಿನ್ ಕೋಪ್‌ಲ್ಯಾಂಡ್ ಎಂಬ ಪ್ರಾಧ್ಯಾಪಕರು ತಾವು ಬರೆಯಲು ಹೊರಟಿದ್ದ ಪಠ್ಯಪುಸ್ತಕದ ಯೋಜನೆಯನ್ನು ಬದಲಿಸಿ, ಮಾರಾಟದ ಸಮಸ್ಯೆಗಳ ಸಂಗ್ರಹವೊಂದನ್ನು ೧೯೨೦ರಲ್ಲಿ ಹೊರತಂದರು. ಸಂಶೋಧನಾ ವಿಭಾಗದ ತರುಣರು ಕಾರ್ಖಾನೆಗಳಿಗೂ ಅಂಗಡಿಗಳಿಗೂ ಹೋಗಿ, ಅಲ್ಲಿ ಎದುರಾದ ನಿಜವಾದ ತೊಡಕುಗಳನ್ನು ಬರೆದು ತಂದರು. ೧೯೨೨ರಲ್ಲಿ ಶಾಲೆಯ ಪತ್ರಿಕೆ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಆರಂಭವಾಯಿತು. ಈ ಬೋಧನಕ್ರಮದ ಕವಲು ಭಾರತವನ್ನೂ ಮುಟ್ಟಿತು. ೧೯೬೧ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪನೆಯಾದ ಭಾರತೀಯ ಪ್ರಬಂಧನ ಸಂಸ್ಥೆ ಆರಂಭದ ವರ್ಷಗಳಲ್ಲಿ ಹಾರ್ವರ್ಡ್ ಶಾಲೆಯ ಸಹಯೋಗ ಪಡೆದು ಪ್ರಕರಣ ಪದ್ಧತಿಯನ್ನೇ ತನ್ನ ಬೋಧನೆಯ ಬೆನ್ನೆಲುಬಾಗಿ ಮಾಡಿಕೊಂಡಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪ್ರಕರಣ ಪದ್ಧತಿ ನಿಂತಿರುವುದೇ ದಾಖಲೆಯ ಮೇಲೆ. ಯಾರೋ ಒಬ್ಬರು ತಮ್ಮ ಸೋಲುಗೆಲವುಗಳನ್ನು ಬರೆದಿಟ್ಟಿರದಿದ್ದರೆ, ಬರೆದಿಟ್ಟದ್ದನ್ನು ಪರರಿಗೆ ತೋರಿಸಲು ಒಪ್ಪಿರದಿದ್ದರೆ, ತರಗತಿಯಲ್ಲಿ ಓದಲು ಪ್ರಕರಣವೇ ಇರುತ್ತಿರಲಿಲ್ಲ. ದಾಖಲೆಗಳ ಬಗೆಗೆ ಡಾನ್‌ಹಮ್ ಅವರಿಗಿದ್ದ ಆಸ್ಥೆಯ ಬೇರು ಈ ಬೋಧನಕ್ರಮದಲ್ಲಿಯೇ ಇದೆ.

ದಾನಿಯೂ ದಾನವೂ

ಡೀನ್ ಪದವಿಗೆ ಬಂದಾಗ ಡಾನ್‌ಹಮ್ ಅವರ ಶಾಲೆಗೆ ಸ್ವಂತ ಆವರಣವೇ ಇರಲಿಲ್ಲ. ವಿಶ್ವವಿದ್ಯಾಲಯದ ಬೇರೆ ಬೇರೆ ಕಟ್ಟಡಗಳಲ್ಲಿ ದೊರೆತ ಕೋಣೆಗಳಲ್ಲಿ ತರಗತಿಗಳು ನಡೆಯುತ್ತಿದ್ದವು. ಧನಸಂಗ್ರಹದ ಮುಂದಾಳಾಗಿದ್ದವರು ಬಿಷಪ್ ವಿಲಿಯಂ ಲಾರೆನ್ಸ್. ಅವರು ನ್ಯೂಯಾರ್ಕಿನ ಹಿರಿಯ ಬ್ಯಾಂಕರ್ ಜಾರ್ಜ್ ಬೇಕರ್ ಅವರಲ್ಲಿ ಹತ್ತು ಲಕ್ಷ ಡಾಲರುಗಳನ್ನು ಯಾಚಿಸಿದರು. ಹಲವರಲ್ಲಿ ಒಬ್ಬನಾಗಿ ಕೊಡಲು ತಮಗೆ ಮನಸ್ಸಿಲ್ಲವೆಂದೂ, ಇಡೀ ಶಾಲೆಯನ್ನು ಕಟ್ಟಿಸುವ ಅವಕಾಶ ತಮಗೊಬ್ಬರಿಗೇ ದೊರೆಯುವುದಾದರೆ ಐವತ್ತು ಲಕ್ಷವನ್ನು ಕೊಡುವುದಾಗಿಯೂ ಬೇಕರ್ ತಿಳಿಸಿದರು. ಇದು ೧೯೨೪ರ ಮಾತು. ಚಾರ್ಲ್ಸ್ ನದಿಯ ಆಚೆಯ ದಡದಲ್ಲಿ ಕೆಂಪು ಇಟ್ಟಿಗೆಯ ಭವನಗಳು ಎದ್ದು ನಿಂತವು. ೧೯೨೭ರ ಜೂನ್ ತಿಂಗಳಲ್ಲಿ ಹೊಸ ಆವರಣದ ಸಮರ್ಪಣೆಯಾಯಿತು. ಅದರ ನಟ್ಟನಡುವೆ ನಿಂತದ್ದು ಆಡಳಿತ ಕಚೇರಿಯಲ್ಲ, ಸಭಾಭವನವಲ್ಲ. ದಾನಿಯ ಹೆಸರನ್ನೇ ಹೊತ್ತ ಬೇಕರ್ ಗ್ರಂಥಾಲಯ.

ದಾನಿಯ ಹೆಸರು ಗ್ರಂಥಾಲಯಕ್ಕೆ ಬಂದದ್ದು ಉಚಿತವೇ ಆಯಿತು. ಭವನ ಹಳೆಯದಾಗುತ್ತದೆ, ದುರಸ್ತಿಯಾಗುತ್ತದೆ, ಒಮ್ಮೊಮ್ಮೆ ಕೆಡವಿ ಮತ್ತೆ ಕಟ್ಟಬೇಕಾಗುತ್ತದೆ. ಆದರೆ ಹಾಳೆಯೊಂದನ್ನು ಕಳೆದುಕೊಂಡರೆ ಅದನ್ನು ಮತ್ತೆ ಕಟ್ಟಲು ಯಾವ ದಾನಿಯಿಂದಲೂ ಆಗದು. ಹಣದಿಂದ ಪಡೆಯಬಹುದಾದ ವಸ್ತು ಯಾವುದು, ಹಣ ಕೊಟ್ಟರೂ ಮರಳಿ ಸಿಗದ ವಸ್ತು ಯಾವುದು ಎಂಬ ವಿವೇಕ ದಾನ ಕೊಡುವವರಿಗೂ ಪಡೆಯುವವರಿಗೂ ಇರಬೇಕಾದದ್ದು ಅವಶ್ಯ.

ಹಳೆಯ ಖಾತೆಗಳ ಹೊಸ ಮನೆ

ಹಳೆಯ ವ್ಯಾಪಾರದ ಪುಸ್ತಕಗಳನ್ನು ಅಂದಿನವರು ರದ್ದಿಯೆಂದೇ ತಿಳಿಯುತ್ತಿದ್ದರು. ಕಂಪನಿ ಮುಚ್ಚಿದರೆ ಅದರ ಖಾತೆಗಳು ತಕ್ಕಡಿಗೋ ಬೆಂಕಿಗೋ ಹೋಗುತ್ತಿದ್ದವು. ರಾಜರ ಆಜ್ಞೆ, ಸೇನಾಪತಿಗಳ ಪತ್ರ ಇವು ಇತಿಹಾಸ. ವರ್ತಕನ ಕೀರ್ದಿ, ಕೂಲಿಕಾರನ ಹಾಜರಿ ಇವು ಕಸ ಎಂಬ ಭಾವನೆ ಎಲ್ಲೆಡೆಯೂ ಬೇರೂರಿತ್ತು. ಡಾನ್‌ಹಮ್ ಅವರ ಕಾಲದಲ್ಲಿ, ೧೯೨೫ರಲ್ಲಿ, ಶಾಲೆಯ ಆಶ್ರಯದಲ್ಲಿ ವ್ಯವಹಾರ ಇತಿಹಾಸ ಸಂಘವೊಂದು ಸ್ಥಾಪಿತವಾಯಿತು. ಹಳೆಯ ಕಂಪನಿಗಳ ಕಾಗದಪತ್ರಗಳನ್ನು ಉಳಿಸಿ ತಂದು ಗ್ರಂಥಾಲಯದಲ್ಲಿ ಇಡಿಸುವುದು ಅದರ ಉದ್ದೇಶ. ೧೯೨೭ರಲ್ಲಿ ಎನ್. ಎಸ್. ಬಿ. ಗ್ರಾಸ್ ಅವರನ್ನು ಕರೆಸಿ ವ್ಯವಹಾರ ಇತಿಹಾಸಕ್ಕೆಂದೇ ಪ್ರಾಧ್ಯಾಪಕ ಪೀಠವನ್ನು ಏರ್ಪಡಿಸಲಾಯಿತು. ಸಂಘದ ಚಿಕ್ಕ ಪ್ರಕಟಣೆಯೇ ಮುಂದೆ ೧೯೫೪ರಲ್ಲಿ 'ಬಿಸಿನೆಸ್ ಹಿಸ್ಟರಿ ರಿವ್ಯೂ' ಎಂಬ ವಿದ್ವತ್ಪತ್ರಿಕೆಯಾಗಿ ಬೆಳೆಯಿತು.

ಆ ಭಂಡಾರದಲ್ಲಿ ಸೇರಿರುವ ವಸ್ತುಗಳ ವೈವಿಧ್ಯ ವಿಸ್ಮಯಕರವಾದುದು. ಇಟಲಿಯ ಫ್ಲಾರೆನ್ಸ್ ನಗರದ ಮೆಡಿಚಿ ಮನೆತನದ ವ್ಯಾಪಾರದ ಲೆಕ್ಕಪುಸ್ತಕಗಳು ಲಂಡನ್ನಿನ ಹೆಸರಾಂತ ಅಂಗಡಿಕಾರ ಗಾರ್ಡನ್ ಸೆಲ್‌ಫ್ರಿಜ್ ಅವರ ಕೈಯಿಂದ ಅಲ್ಲಿಗೆ ಬಂದಿವೆ. ಅಮೆರಿಕದಲ್ಲಿ ಯಂತ್ರದಿಂದ ನೂಲು ತೆಗೆಯುವ ಉದ್ಯಮವನ್ನು ನೆಲೆಗೊಳಿಸಿದ ಸ್ಯಾಮುಯೆಲ್ ಸ್ಲೇಟರ್ ಮನೆತನದ ಗಿರಣಿಗಳ ದಾಖಲೆಗಳು ಅಲ್ಲಿವೆ. ತಂದೆಯ ಹೆಸರಿನ ಖಾತೆಗೆ ಮಕ್ಕಳು ದುಡಿದ ಕೂಲಿಯೂ ಜಮೆಯಾಗುತ್ತಿದ್ದ ಕಾಲ ಅದು. ಗಿರಣಿಯ ಯಜಮಾನರು ಈ ಸಂಗತಿಯನ್ನು ಸ್ಮಾರಕಶಿಲೆಯ ಮೇಲೆ ಬರೆಸಲಿಲ್ಲ. ಕೂಲಿಯ ಪುಸ್ತಕ ಮಾತ್ರ ಅದನ್ನು ಮರೆಮಾಚದೆ ಹೇಳುತ್ತದೆ.

ಭಾರತೀಯರಿಗೆ ಕುತೂಹಲ ಹುಟ್ಟಿಸುವ ದಾಖಲೆಯೂ ಅಲ್ಲಿದೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕರು ಚಳಿಗಾಲದಲ್ಲಿ ಕೆರೆಗಳ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಕತ್ತರಿಸಿ, ಹಡಗಿನಲ್ಲಿ ತುಂಬಿ, ಬಿಸಿಲ ನಾಡುಗಳಿಗೆ ಮಾರುತ್ತಿದ್ದರು. ೧೮೩೩ರ ಮೇ ತಿಂಗಳಲ್ಲಿ ಸುಮಾರು ೧೮೦ ಟನ್ ಮಂಜುಗಡ್ಡೆಯನ್ನು ಹೊತ್ತು ಬಾಸ್ಟನ್ ಬಿಟ್ಟ 'ಟಸ್ಕನಿ' ಹಡಗು ನಾಲ್ಕು ತಿಂಗಳ ಪ್ರಯಾಣದ ಬಳಿಕ ಕಲ್ಕತ್ತೆಯನ್ನು ಸೇರಿದಾಗ ಅದರಲ್ಲಿ ಸುಮಾರು ೧೦೦ ಟನ್ ಕರಗದೆ ಉಳಿದಿತ್ತು. ಮದರಾಸಿನ ಕಡಲತೀರದಲ್ಲಿ ಇಂದಿಗೂ ನಿಂತಿರುವ 'ಐಸ್ ಹೌಸ್' ಈ ವ್ಯಾಪಾರದ ಕುರುಹು. ೧೮೯೭ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಮನೆ ಯಾತಕ್ಕಾಗಿ ಕಟ್ಟಿದ್ದೆಂದು ತಿಳಿಯಬೇಕಾದವರಿಗೆ ಟ್ಯೂಡರ್ ಕಂಪನಿಯ ಕಾಗದಪತ್ರಗಳು ಬೇಕರ್ ಗ್ರಂಥಾಲಯದಲ್ಲಿ ದೊರೆಯುತ್ತವೆ. ಮಂಜುಗಡ್ಡೆ ಕರಗಿಹೋಯಿತು, ಅದರ ಲೆಕ್ಕ ಉಳಿಯಿತು!

ಹಾಥಾರ್ನ್ ಕಾರ್ಖಾನೆಯ ಸಾಕ್ಷ್ಯ

ಪರರ ಲೆಕ್ಕಗಳನ್ನು ಕಾಯುವುದು ಸುಲಭ. ತನ್ನ ಲೆಕ್ಕವನ್ನು ತೆರೆದಿಡುವುದು ಕಷ್ಟ. ಡಾನ್‌ಹಮ್ ಅವರ ಶಾಲೆಗೆ ಆ ಪರೀಕ್ಷೆ ಬಂದದ್ದು ಹಾಥಾರ್ನ್ ಪ್ರಯೋಗಗಳ ಮೂಲಕ. ಅವರು ೧೯೨೬ರಲ್ಲಿ, ರಾಕ್‌ಫೆಲರ್ ಮನೆತನದ ದತ್ತಿಯ ನೆರವಿನಿಂದ, ಆಸ್ಟ್ರೇಲಿಯದವರಾದ ಎಲ್ಟನ್ ಮೇಯೊ ಅವರನ್ನು ಶಾಲೆಗೆ ಕರೆಸಿದರು. ಕೆಲಸಗಾರನ ಮನಸ್ಸು, ದಣಿವು, ಸಹವಾಸ ಇವುಗಳನ್ನು ವೈಜ್ಞಾನಿಕವಾಗಿ ಅಭ್ಯಸಿಸಬೇಕೆಂಬುದು ಇವರಿಬ್ಬರ ಹಂಬಲ. ೧೯೨೭ರಲ್ಲಿ ಶಾಲೆಯ ಆವರಣದಲ್ಲಿಯೇ ದಣಿವಿನ ಅಧ್ಯಯನಕ್ಕೆಂದು ಪ್ರಯೋಗಶಾಲೆಯೊಂದೂ ತೆರೆಯಿತು.

ಷಿಕಾಗೊ ಬಳಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಗೆ ಸೇರಿದ ಹಾಥಾರ್ನ್ ಎಂಬ ದೊಡ್ಡ ಕಾರ್ಖಾನೆಯಿತ್ತು. ದೂರವಾಣಿಯ ಉಪಕರಣಗಳು ಅಲ್ಲಿ ತಯಾರಾಗುತ್ತಿದ್ದವು. ದೀಪದ ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚುವುದೇ ಎಂಬ ಪರೀಕ್ಷೆ ಅಲ್ಲಿ ೧೯೨೪ರಲ್ಲಿ ಆರಂಭವಾಯಿತು. ೧೯೨೭ರಲ್ಲಿ ಪ್ರತ್ಯೇಕ ಕೋಣೆಯೊಂದರಲ್ಲಿ ಐವರು ಯುವತಿಯರನ್ನು ರಿಲೇ ಎಂಬ ಬಿಡಿಸಾಧನವನ್ನು ಜೋಡಿಸಲು ಕೂರಿಸಿ, ಅವರಿಗೆ ಭಾಗಗಳನ್ನು ಒದಗಿಸಲು ಆರನೆಯವಳನ್ನು ನೇಮಿಸಿ, ವಿರಾಮ, ಉಪಾಹಾರ, ಕೆಲಸದ ವೇಳೆ ಇವುಗಳನ್ನು ಬದಲಿಸುತ್ತ ಫಲವನ್ನು ದಾಖಲಿಸಲಾಯಿತು. ಜೋಡಿಸಿದ ಒಂದೊಂದು ರಿಲೇಗೂ ಓಡುವ ಕಾಗದದ ಪಟ್ಟಿಯ ಮೇಲೆ ಒಂದೊಂದು ತೂತು ಬೀಳುತ್ತಿತ್ತು. ಮೇಯೊ ಅವರು ೧೯೨೮ರಿಂದ ಈ ಕಾರ್ಯದಲ್ಲಿ ಕೈಗೂಡಿಸಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಕೆಲಸಗಾರರನ್ನು ಮಾತನಾಡಿಸಿ ಅವರ ಅಹವಾಲುಗಳನ್ನು ಬರೆದುಕೊಳ್ಳಲಾಯಿತು. ಇವೆಲ್ಲದರ ಸಾರವನ್ನು ಶಾಲೆಯ ಫ್ರಿಟ್ಸ್ ರೋಥ್ಲಿಸ್‌ಬರ್ಗರ್ ಮತ್ತು ಕಂಪನಿಯ ವಿಲಿಯಂ ಡಿಕ್ಸನ್ ೧೯೩೯ರಲ್ಲಿ ಒಂದು ಬೃಹದ್ಗ್ರಂಥವಾಗಿ ಪ್ರಕಟಿಸಿದರು. ಕೆಲಸಗಾರರ ಬಗೆಗೆ ಕಾಳಜಿ ತೋರಿದರೆ ಉತ್ಪಾದನೆ ತಾನಾಗಿಯೇ ಏರುತ್ತದೆಂಬ ಬೋಧೆ ಲೋಕದ ಪಠ್ಯಪುಸ್ತಕಗಳನ್ನೆಲ್ಲ ಹೊಕ್ಕಿತು. ಶಾಲೆಯ ಕೀರ್ತಿ ಬೆಳಗಿತು.

ಕೀರ್ತಿಯ ಕಥೆ ಇಲ್ಲಿಗೆ ಮುಗಿದಿದ್ದರೆ ಹೇಳಬೇಕಾದದ್ದು ಹೆಚ್ಚಿರಲಿಲ್ಲ. ೧೯೬೭ರಲ್ಲಿ ಅಲೆಕ್ಸ್ ಕ್ಯಾರಿ ಎಂಬ ವಿದ್ವಾಂಸರು ಪ್ರಕಟಿತ ವರದಿಗಳನ್ನೇ ಮತ್ತೆ ಎಚ್ಚರದಿಂದ ಓದಿ, ಬೋಧೆಗೂ ಪುರಾವೆಗೂ ಹೊಂದಿಕೆಯಿಲ್ಲವೆಂದು ವಾದಿಸಿದರು. ೧೯೨೮ರ ಜನವರಿಯಲ್ಲಿ ಇಬ್ಬರು ಯುವತಿಯರನ್ನು, ಅತಿಯಾಗಿ ಮಾತನಾಡುತ್ತಾರೆ, ಸಹಕರಿಸುವುದಿಲ್ಲ ಎಂಬ ಕಾರಣದಿಂದ ಆ ಕೋಣೆಯಿಂದ ತೆಗೆದು ಬೇರೆಯವರನ್ನು ಕೂರಿಸಲಾಗಿತ್ತು. ಕೂಲಿ ಕೊಡುವ ಕ್ರಮವೂ ಬದಲಾಗಿತ್ತು. ಹೀಗಿರುವಾಗ ಉತ್ಪಾದನೆ ಏರಿದ್ದು ಕಾಳಜಿಯಿಂದಲೋ, ಶಿಸ್ತಿನ ಭಯದಿಂದಲೋ, ಕೈಗೆ ಬರುವ ಕಾಸಿನಿಂದಲೋ ಎಂಬ ಪ್ರಶ್ನೆ ಎದ್ದಿತು. ಮುಂದೆ ರಿಚರ್ಡ್ ಗಿಲೆಸ್ಪಿ ಅವರು ಮೂಲ ಕಡತಗಳನ್ನು ಶೋಧಿಸಿ ೧೯೯೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದೇ ಪ್ರಯೋಗದ ಫಲವನ್ನು ಬೇರೆ ಬೇರೆಯವರು ತಮ್ಮ ತಮ್ಮ ದೃಷ್ಟಿಗೆ ಹೊಂದುವಂತೆ ಹೇಗೆ ಅರ್ಥೈಸಿದರೆಂಬುದನ್ನು ತೋರಿಸಿದರು. ೧೯೯೯ರಲ್ಲಿ ಎಲೆನ್ ಓಕಾನರ್ ಅವರು ಇನ್ನೂ ಮುಂದೆ ಹೋಗಿ, ಡಾನ್‌ಹಮ್ ಹಾಗೂ ಮೇಯೊ ಅವರು ಈ ವಿಚಾರವನ್ನು ಬೆಳೆಸಿದ್ದಕ್ಕೂ ಕಾರ್ಮಿಕರ ಅಶಾಂತಿಗೆ ಪರಿಹಾರ ಹುಡುಕುತ್ತಿದ್ದ ಉದ್ಯಮಪತಿಗಳ ಅಗತ್ಯಕ್ಕೂ ನಿಕಟ ಸಂಬಂಧವಿತ್ತೆಂದು ಪ್ರತಿಪಾದಿಸಿದರು. ಕೊನೆಗೆ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು, ನಷ್ಟವಾಗಿವೆಯೆಂದೇ ನಂಬಲಾಗಿದ್ದ ದೀಪಪರೀಕ್ಷೆಯ ಮೂಲ ಅಂಕಿಗಳನ್ನು ಗ್ರಂಥಾಲಯಗಳಿಂದ ಹೊರತೆಗೆದು ೨೦೧೧ರಲ್ಲಿ ತಮ್ಮ ವಿಶ್ಲೇಷಣೆಯನ್ನು ಪ್ರಕಟಿಸಿದರು. ಬೆಳಕು ಏರಿಸಿದರೂ ಇಳಿಸಿದರೂ ಕೆಲಸ ಹೆಚ್ಚುತ್ತಲೇ ಹೋಯಿತೆಂಬ ಜನಪ್ರಿಯ ಕಥೆಗೆ ಆ ಅಂಕಿಗಳಲ್ಲಿ ಆಧಾರ ದೊರೆಯಲಿಲ್ಲ. ಇದ್ದರೆ ಸೂಕ್ಷ್ಮವಾದ ಕೆಲವು ಸುಳಿವುಗಳಷ್ಟೇ ಇದ್ದವು.

ಆ ಅಂಕಿಗಳು ದೊರೆತ ಸ್ಥಳಗಳಲ್ಲಿ ಒಂದು ಬೇಕರ್ ಗ್ರಂಥಾಲಯ! ಶಾಲೆಯ ಖ್ಯಾತಿಗೆ ಆಧಾರವಾಗಿದ್ದ ಕಥೆಯನ್ನು ಪರೀಕ್ಷಿಸುವ ಸಾಧನವನ್ನು ಶಾಲೆಯೇ ಕಾಯ್ದಿಟ್ಟಿತ್ತು. ಇದನ್ನು ಸಂಸ್ಥೆಗೆ ಒದಗಿದ ಅವಮಾನವೆಂದು ತಿಳಿಯುವವರು ಉಂಟು. ವಿಚಾರ ಮಾಡಿದರೆ ಇದಕ್ಕಿಂತ ದೊಡ್ಡ ಗೌರವ ವಿದ್ಯಾಸಂಸ್ಥೆಗೆ ಇನ್ನೊಂದಿಲ್ಲ. ತನ್ನ ತಪ್ಪನ್ನು ತಿದ್ದುವ ಕೀಲಿಕೈಯನ್ನು ತಾನೇ ಜೋಪಾನ ಮಾಡಿದ ಸಂಸ್ಥೆಯನ್ನು ಲೋಕ ನಂಬುತ್ತದೆ. ಕೀಲಿಕೈಯನ್ನು ಬಾವಿಗೆ ಎಸೆದ ಸಂಸ್ಥೆಯ ಮಾತನ್ನು, ಅದು ಸತ್ಯವೇ ಆಗಿದ್ದರೂ, ಯಾರೂ ನಂಬರು.

ಕೈಗೂಡದ ಹಂಬಲ

ಡಾನ್‌ಹಮ್ ಅವರ ಬಾಳಿನಲ್ಲಿ ಸೋಲಿನ ಅಧ್ಯಾಯವೂ ಇದೆ. ಅದನ್ನು ಮುಚ್ಚಿಟ್ಟು ಸ್ತುತಿಸುವುದು ಅವರಿಗೆ ತೋರುವ ಗೌರವವಾಗದು. ವ್ಯವಹಾರಸ್ಥನೂ ವೈದ್ಯನಂತೆ, ವಕೀಲನಂತೆ, ಸಮಾಜಕ್ಕೆ ಹೊಣೆಗಾರನಾದ ವೃತ್ತಿವಂತನಾಗಬೇಕೆಂಬುದು ಅವರ ಆದರ್ಶ. ೧೯೨೭ರಲ್ಲಿಯೇ ವ್ಯವಹಾರದ ಸಾಮಾಜಿಕ ಅರ್ಥವನ್ನು ಕುರಿತು ಅವರು ಬರೆದರು. ೧೯೨೦ರ ದಶಕದ ಕೊನೆಗೆ ಕಾರ್ಲ್ ಟಾಯ್ಶ್ ಎಂಬ ತತ್ತ್ವಜ್ಞರನ್ನು ಕರೆಸಿ ವ್ಯವಹಾರನೀತಿಯ ಪಾಠವನ್ನು ಏರ್ಪಡಿಸಿದರು. ಆ ಪಾಠ ವಿದ್ಯಾರ್ಥಿಗಳ ಮನಸ್ಸಿಗೆ ಹಿಡಿಸಲಿಲ್ಲ. ೧೯೩೦ರ ದಶಕದ ನಡುವೆ ಅದು ನಿಂತುಹೋಯಿತು. ಲಾಭದ ಲೆಕ್ಕ ಕಲಿಯಲು ಬಂದವರಿಗೆ ನೀತಿಯ ಲೆಕ್ಕವನ್ನು ಬೇರೆ ತರಗತಿಯಲ್ಲಿ ಹೇಳಹೊರಟರೆ ಆಗುವ ಗತಿ ಇದೇ ಏನೋ! ನೀತಿಯನ್ನು ಒಂದು ಗಂಟೆಯ ವಿಷಯವನ್ನಾಗಿ ಮಾಡಿ ಉಳಿದ ಗಂಟೆಗಳನ್ನು ಅದರಿಂದ ಬಿಡುಗಡೆ ಮಾಡುವ ಪದ್ಧತಿ ಅಮೆರಿಕಕ್ಕೆ ಮಾತ್ರ ಸೀಮಿತವಾದುದಲ್ಲ.

ಅಷ್ಟರಲ್ಲಿ ೧೯೨೯ರ ಆರ್ಥಿಕ ಕುಸಿತ ಬಂದಿತು. ಬ್ಯಾಂಕುಗಳು ಮುಚ್ಚಿದವು, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಆ ಹೊತ್ತಿನಲ್ಲಿ ಡಾನ್‌ಹಮ್ ತಮ್ಮವರನ್ನು ಸಮರ್ಥಿಸಿಕೊಳ್ಳಲು ಹೋಗಲಿಲ್ಲ. ೧೯೩೧ರಲ್ಲಿ, ದಿಕ್ಕುಗಾಣದೆ ತೇಲುತ್ತಿರುವ ವ್ಯವಹಾರವನ್ನು ಕುರಿತು ಅವರು ಬರೆದ ಪುಸ್ತಕಕ್ಕೆ ದಾರ್ಶನಿಕ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ ಅವರ ಪ್ರವೇಶಿಕೆಯಿತ್ತು. ೧೯೩೩ರಲ್ಲಿ ಶಾಲೆಯ ಪತ್ರಿಕೆಯಲ್ಲಿಯೇ ವ್ಯವಹಾರದ ನಾಯಕತ್ವ ಸೋತಿದೆಯೆಂದೂ, ಆ ಸೋಲಿನಲ್ಲಿ ವಿಶ್ವವಿದ್ಯಾಲಯಗಳ ಹೊಣೆಯೂ ಇದೆಯೆಂದೂ ಬರೆದರು. ದಾನಿಗಳೆಲ್ಲ ವ್ಯವಹಾರಸ್ಥರೇ ಆಗಿರುವ ಶಾಲೆಯ ಮುಖ್ಯಸ್ಥನೊಬ್ಬ ಇಂತಹ ಮಾತನ್ನಾಡಲು ಧೈರ್ಯ ಬೇಕು. ಹಾಗೆಂದು ಅವರ ಶಾಲೆ ಎಲ್ಲರಿಗೂ ತೆರೆದ ಶಾಲೆಯಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ೧೯೩೭ರಲ್ಲಿ ನೆರೆಯ ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶಿಕ್ಷಣಕ್ರಮವೊಂದು ಆರಂಭವಾಯಿತಾದರೂ, ಶಾಲೆಯ ಎರಡು ವರ್ಷದ ಪೂರ್ಣ ಶಿಕ್ಷಣಕ್ಕೆ ಮಹಿಳೆಯರು ಮೊದಲ ವರ್ಷದಿಂದಲೇ ಪ್ರವೇಶ ಪಡೆದದ್ದು ೧೯೬೩ರಲ್ಲಿ. ಆ ವೇಳೆಗೆ ಡಾನ್‌ಹಮ್ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು.

೧೯೪೨ರಲ್ಲಿ ಅವರು ಡೀನ್ ಪದವಿಯನ್ನು ಡೊನಾಲ್ಡ್ ಡೇವಿಡ್ ಅವರಿಗೆ ವಹಿಸಿಕೊಟ್ಟರು. ಅಧಿಕಾರ ಬಿಟ್ಟ ಮೇಲೆ ಪಾಠಕ್ಕೆ ಮರಳಿದರು. ಮನುಷ್ಯ ಸಂಬಂಧಗಳನ್ನು ಕುರಿತು ಬೋಧಿಸಿದರು. ಹೊಣೆಯರಿತ ಬಾಳಿಗೆ ಬೇಕಾದ ಶಿಕ್ಷಣವನ್ನು ಕುರಿತು ೧೯೪೪ರಲ್ಲಿ ಒಂದು ಗ್ರಂಥವನ್ನು ಬರೆದರು. ೧೯೫೪ರಲ್ಲಿ ಅವರ ದೇಹಾಂತವಾಯಿತು. ಅವರ ಕಾಗದಪತ್ರಗಳೂ ಡೀನ್ ಕಚೇರಿಯ ಪತ್ರವ್ಯವಹಾರವೂ ಮೇಯೊ ಅವರ ಪತ್ರಗಳೂ ಈಗ ಅದೇ ಬೇಕರ್ ಗ್ರಂಥಾಲಯದ ಪತ್ರಾಗಾರದಲ್ಲಿ, ಮೆಡಿಚಿ ವರ್ತಕರ ಖಾತೆಗಳೊಡನೆ, ಸ್ಲೇಟರ್ ಗಿರಣಿಯ ಕೂಲಿ ಪುಸ್ತಕಗಳೊಡನೆ ಒಂದೇ ಸೂರಿನಡಿ ಇವೆ. ಪರರ ಲೆಕ್ಕವನ್ನು ಕೂಡಿಸಿಟ್ಟವರ ಲೆಕ್ಕವೂ ಅಲ್ಲಿಯೇ ಸೇರಿತು.

ಆಕ್ಷೇಪಗಳು ಮತ್ತು ಸಮಾಧಾನ

ಸಂಸ್ಥೆಯ ಮುಖ್ಯಸ್ಥರ ಕಡತಗಳನ್ನು ಉಳಿಸಬೇಕೆಂದಾಗ ಸಾಮಾನ್ಯವಾಗಿ ಮೂರು ಆಕ್ಷೇಪಗಳು ಬರುತ್ತವೆ. ಹಳೆಯ ಜಗಳಗಳನ್ನು ಕೆದ್ದುವುದರಿಂದ ಸಂಸ್ಥೆಯ ಹೆಸರು ಕೆಡುತ್ತದೆ ಎಂಬುದು ಮೊದಲನೆಯದು. ಇದಕ್ಕೆ ಹಾಥಾರ್ನ್ ಕಡತಗಳೇ ಉತ್ತರ. ಅಷ್ಟೆಲ್ಲ ಟೀಕೆಯ ನಂತರವೂ ಹಾರ್ವರ್ಡ್ ಶಾಲೆಯ ಗೌರವ ಕುಂದಲಿಲ್ಲ. ಡಾನ್‌ಹಮ್ ಅವರೂ ಪಟದೊಳಗಿನ ಮೂರ್ತಿಯಾಗಿ ಉಳಿಯದೆ, ಹಂಬಲಿಸಿದ, ತಪ್ಪಿದ, ತಪ್ಪನ್ನು ಒಪ್ಪಿಕೊಂಡ ಮನುಷ್ಯರಾಗಿ ಹೆಚ್ಚು ಹತ್ತಿರವಾದರು.

ಬದುಕಿರುವವರ ಖಾಸಗಿ ಸಂಗತಿಗಳು ಬಯಲಾಗುತ್ತವೆ ಎಂಬುದು ಎರಡನೆಯ ಆಕ್ಷೇಪ. ಇದು ನ್ಯಾಯವಾದುದು. ವಿದ್ಯಾರ್ಥಿಯ ಬಡತನದ ಅರ್ಜಿ, ಅಧ್ಯಾಪಕರ ಮೇಲಿನ ದೂರು, ಗುಪ್ತದಾನಿಯ ಪತ್ರ ಇವನ್ನು ಎಲ್ಲರ ಮುಂದೆ ಹರಡುವುದು ಸಲ್ಲದು. ಆದರೆ ಮುಚ್ಚಿಡುವುದು ಬೇರೆ, ಸುಟ್ಟುಹಾಕುವುದು ಬೇರೆ. ಇಂತಹ ಕಡತಗಳನ್ನು ಇಷ್ಟು ವರ್ಷಗಳವರೆಗೆ ತೆರೆಯತಕ್ಕದ್ದಲ್ಲವೆಂದು ನಿಯಮ ಮಾಡಿ ಮುದ್ರೆ ಹಾಕಿಡುವ ಪದ್ಧತಿ ಪತ್ರಾಗಾರಗಳಲ್ಲಿ ರೂಢಿಯಲ್ಲಿದೆ. ಕಾಲವೇ ಆ ಮುದ್ರೆಯನ್ನು ಒಡೆಯುತ್ತದೆ.

ಸ್ಥಳವಿಲ್ಲ, ಹಣವಿಲ್ಲ ಎಂಬುದು ಮೂರನೆಯ ಆಕ್ಷೇಪ. ಎಲ್ಲ ಕಾಗದವನ್ನೂ ಇಡಲು ಯಾರಿಂದಲೂ ಸಾಧ್ಯವಿಲ್ಲ, ಇಡಬೇಕಾಗಿಯೂ ಇಲ್ಲ. ಆಯ್ಕೆಯ ವಿವೇಕ ಬೇಕು, ಅಷ್ಟೆ. ಸಭೆಗಳ ನಡವಳಿಕೆ ಮತ್ತು ಠರಾವಿನ ಪುಸ್ತಕಗಳು, ಪ್ರವೇಶದ ರಿಜಿಸ್ಟರುಗಳು, ಮುಖ್ಯಸ್ಥರಿಗೆ ಬಂದ ಹಾಗೂ ಅವರು ಬರೆದ ಪತ್ರಗಳು, ಕಟ್ಟಡದ ಲೆಕ್ಕಗಳು, ದಾನದ ಪಟ್ಟಿಗಳು, ಹಿಂಬದಿಯಲ್ಲಿ ಹೆಸರು ತಾರೀಖು ಬರೆದ ಭಾವಚಿತ್ರಗಳು – ಇಷ್ಟು ಉಳಿದರೆ ಒಂದು ವಿದ್ಯಾಸಂಸ್ಥೆಯ ಜೀವಿತ ಉಳಿದಂತೆ. ಅದಕ್ಕೆ ಬೇಕಾದದ್ದು ನೆಲದ ತೇವ ತಾಗದ ಕಬ್ಬಿಣದ ಕಪಾಟು, ಗೆದ್ದಲಿನ ಮೇಲೆ ಕಣ್ಣು, ಯಾವುದು ಎಲ್ಲಿದೆಯೆಂದು ಹೇಳುವ ಒಂದು ಸ್ವಚ್ಛವಾದ ಪಟ್ಟಿ, ಮತ್ತು ಅದರ ಹೊಣೆ ಹೊತ್ತ ಒಬ್ಬ ಶ್ರದ್ಧಾವಂತ ವ್ಯಕ್ತಿ. ಐವತ್ತು ಲಕ್ಷ ಡಾಲರು ಬೇಕಾಗಿಲ್ಲ.

ಈ ಕಾಲದಲ್ಲಿ ಇನ್ನೊಂದು ಆತಂಕವೂ ಸೇರಿದೆ. ಡಾನ್‌ಹಮ್ ಅವರ ಪತ್ರಗಳು ಕಾಗದದ ಮೇಲಿದ್ದವು. ಯಾರೂ ನೆನೆಯದಿದ್ದರೂ ಪೆಟ್ಟಿಗೆಯಲ್ಲಿ ಕಾದು ಕುಳಿತಿದ್ದವು. ಇಂದಿನ ಮುಖ್ಯಸ್ಥರ ಪತ್ರವ್ಯವಹಾರ ನಡೆಯುತ್ತಿರುವುದು ಗಣಕಯಂತ್ರದಲ್ಲಿ, ಕೈಯೊಳಗಿನ ಫೋನಿನಲ್ಲಿ. ಫೋನು ಬದಲಾದರೆ, ಗುಪ್ತಪದ ಮರೆತರೆ, ಯಂತ್ರ ಕೆಟ್ಟರೆ, ಹತ್ತು ವರ್ಷಗಳ ಇತಿಹಾಸ ಒಂದು ಕ್ಷಣದಲ್ಲಿ ಇಲ್ಲವಾಗುತ್ತದೆ. ಗೆದ್ದಲಾದರೂ ಪುಟವನ್ನು ತಿನ್ನಲು ದಿನಗಳನ್ನು ತೆಗೆದುಕೊಳ್ಳುತ್ತದೆ. ಮುಖ್ಯವಾದ ಪತ್ರಗಳನ್ನು ವರ್ಷಕ್ಕೊಮ್ಮೆಯಾದರೂ ಮುದ್ರಿಸಿ ಕಡತಕ್ಕೆ ಸೇರಿಸುವ ರೂಢಿ ಎಲ್ಲ ವಿದ್ಯಾಸಂಸ್ಥೆಗಳಲ್ಲಿಯೂ ಬರಬೇಕಾಗಿದೆ.

ವಾರ್ಷಿಕ ಸಂಚಿಕೆಗಳು, ಸುವರ್ಣ ಮಹೋತ್ಸವದ ಗ್ರಂಥಗಳು ಸಂಸ್ಥೆಯ ಸಾಧನೆಗಳನ್ನು ಹೇಳುತ್ತವೆ, ಹೇಳಬೇಕಾದದ್ದೂ ಸರಿಯೇ. ಆದರೆ ಇಪ್ಪತ್ತೈದು ವರ್ಷಗಳ ಬಳಿಕ ಅಂತಹ ಗ್ರಂಥವನ್ನು ಮತ್ತೆ ಬರೆಯಲು ಕುಳಿತವನಿಗೆ ಹಿಂದಿನ ಗ್ರಂಥವೊಂದೇ ಆಧಾರವಾದರೆ ಸ್ತುತಿಯಿಂದ ಸ್ತುತಿ ಹುಟ್ಟುತ್ತದೆ, ಅರಿವು ಹುಟ್ಟುವುದಿಲ್ಲ. ಅಧ್ಯಾಪಕರಲ್ಲಿ ಒಬ್ಬೊಬ್ಬರ ಪೆಟ್ಟಿಗೆಯಲ್ಲಿ ಹಳೆಯ ಟಿಪ್ಪಣಿಗಳಿರುತ್ತವೆ; ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಗುರುಗಳು ಬರೆದ ಪತ್ರಗಳಿರುತ್ತವೆ; ದಾನಿಗಳ ಬಳಿ ರಸೀದಿಗಳೂ ಕೃತಜ್ಞತಾಪತ್ರಗಳೂ ಇರುತ್ತವೆ. ಇವನ್ನು ಕೂಡಿಸಿ ಒಂದೆಡೆ ಇಟ್ಟರೆ ಅದೇ ಪತ್ರಾಗಾರ. ದಾನವೆಂದರೆ ಹಣವೇ ಆಗಬೇಕೆಂದಿಲ್ಲ. ಒಂದು ಕಟ್ಟು ಹಳೆಯ ಪತ್ರಗಳನ್ನು ಶಾಲೆಗೆ ಒಪ್ಪಿಸಿದವನೂ ದಾನಿಯೇ.

ತನ್ನನ್ನು ಮುಂದಿನವರು ತೂಗಿ ನೋಡಲೆಂದು ತಕ್ಕಡಿಯನ್ನೂ ಕಲ್ಲನ್ನೂ ತಾನೇ ಇಟ್ಟುಹೋಗುವವರು ಲೋಕದಲ್ಲಿ ಕಡಿಮೆ. ಡಾನ್‌ಹಮ್ ಅವರ ಶಾಲೆ ಹಾಗೆ ಇಟ್ಟಿತು. ತೂಗಿದವರು ಕೆಲವು ಕಡೆ ಕಡಿಮೆಯನ್ನು ಕಂಡರು, ಕೆಲವು ಕಡೆ ಹೆಚ್ಚನ್ನು ಕಂಡರು. ಆದರೆ ತೂಗಲು ಬಿಟ್ಟರೆಂಬುದೇ ಅವರ ಹಿರಿಮೆಯ ಸಾಕ್ಷಿಯಾಗಿ ಉಳಿದಿದೆ. ಕಟ್ಟಡವನ್ನು ಕಟ್ಟುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ಅದರೊಳಗೆ ಕಡತಗಳಿಗೊಂದು ಕೋಣೆಯನ್ನು ಮೀಸಲಿಡುವಂತಾದರೆ, ಮುಂದಿನ ಪೀಳಿಗೆ ಈ ಪೀಳಿಗೆಯನ್ನು ಹೊಗಳದಿದ್ದರೂ ಅರ್ಥಮಾಡಿಕೊಳ್ಳುವುದರಲ್ಲಿ ಸಂದೇಹವಿಲ್ಲ.